ಹುಬ್ಬು ಗಂಟಿಕ್ಕಿದ ಬೆಂಕಿಜಡೆ

ಜನವರಿ ೧೧

ಈ ಕಾಗದ ಬಿಚ್ಚಿ ಓದ್ತಿರೋರು ಯಾರೇ ಆಗಿರಲಿ, ಮೊದಲು ನೆಟ್ಟಗೆ ಕೂತ್ಕೊ. ಒಂದು ಕಣ್ಣು ಟಿವಿ ಮೇಲೆ, ಒಂದು ಕಣ್ಣು ಒಲೆ ಮೇಲೆ ಇಟ್ಕೊಂಡು ಓದೋಕೆ ಇದೇನು ಕರೆಂಟ್ ಬಿಲ್ಲಲ್ಲ. ಬಾಯಲ್ಲಿರೋದನ್ನ ನುಂಗು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ನಗೋದಾದ್ರೆ ಈಗಲೇ ನಕ್ಕು ಮುಗಿಸು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದು ನಮ್ಮಪ್ಪ, ನಾನಲ್ಲ.

ಈ ಕಾಗದ ಯಾರ ಹೆಸರಿಗಿದೆಯೋ ನೀನು ಅವಳ ಸೊಸೆ ಅಂತ ಗೊತ್ತು. ಅತ್ತೆಗೆ ಕಣ್ಣು ಮಂಜು, ಬಂದ ಕಾಗದವನ್ನೆಲ್ಲ ಸೊಸೆ ಓದಿ ಹೇಳ್ತಾಳೆ ಅಂತ ಅವಳ ಫೋಟೋ ಬಂದ ಆ ಬಣ್ಣದ ಪುಸ್ತಕದಲ್ಲೇ ಹಾಕಿದ್ರು. ಅದಕ್ಕೇ ನಿನಗೊಂದು ಮಾತು, ತಾಯಿ. ಪಾಪ, ಅತ್ತೆಗೆ ನೋವಾಗುತ್ತೆ ಅಂತ ಒಂದು ಪದ ಬಿಟ್ಟು ಓದಿದ್ರೂ ನನಗೆ ಗೊತ್ತಾಗುತ್ತೆ. ನೋವಾಗ್ಲಿ ಅಂತಲೇ ಬರೀತಿರೋದು. ಈಗ ಗಟ್ಟಿಯಾಗಿ ಓದು.

ಏನೇ ಸಕ್ಕರೆಬಾಯಿ, ಇನ್ನೂ ಇದೀಯಾ? ನಾನು ಗರಗಸ. ಗೊಂಬೆ ಫ್ಯಾಕ್ಟರೀಲಿ ವರ್ಷಗಟ್ಟಲೆ ನಿನ್ನ ಪಕ್ಕದ ಸ್ಟೂಲಲ್ಲಿ ಕೂತು ಮುಖ ಬರೆದವಳು. ಆ ಹೆಸರಿಟ್ಟಿದ್ದೇ ನೀನು, ಮರೆತಿರಲಾರೆ.

ಮೊನ್ನೆ ನನ್ನ ಮೊಮ್ಮಗಳು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಎರಡು ಗೊಂಬೆ ನಿಲ್ಲಿಸಿದ್ಲು. ಅವಳನ್ನ ನಾನು ಜೀರುಂಡೆ ಅಂತ ಕರೀತೀನಿ, ಯಾವಾಗಲೂ ಏನಾದ್ರೂ ಗುಂಯ್‌ಗುಡ್ತಾ ಇರ್ತಾಳೆ. ಕನ್ನಡಕದ ಅಂಗಡೀಲಿ ಕೆಲಸ. ಹೆತ್ತವರಿಲ್ಲ, ನನಗೆ ಅವಳು, ಅವಳಿಗೆ ನಾನು.

“ಊಟದ ಜಾಗದಲ್ಲಿ ಗೊಂಬೆ ಯಾಕೆ ತಂದೆ?” ಅಂದೆ.

“ಗೊಂಬೆ ಅನ್ನಬೇಡ ಅಜ್ಜಿ. ಆಕ್ಷನ್ ಫಿಗರ್.”

“ಏನು ಆಕ್ಷನ್ ಮಾಡುತ್ತೆ? ಧೂಳು ಕುಡಿಯುತ್ತೆ.”

“ಬಾಯಿ ಮುಚ್ಕೊಂಡು ನೋಡು. ಎರಡೂ ಒಂದೇ ಅನಿಮೆ ಕಾರ್ಟೂನಿನವು, ಒಂದೇ ಹುಡುಗಿ, ಒಂದೇ ಅಚ್ಚು. ಆದ್ರೆ ಒಂದು ಸಂತೇಲಿ ರಾಶಿ ಸಿಗುತ್ತೆ. ಇನ್ನೊಂದಕ್ಕೆ ಜನ ಜೀವ ಬಿಡ್ತಾರೆ. ಏನು ವ್ಯತ್ಯಾಸ, ಹೇಳು ನೋಡೋಣ.”

ನೋಡಿದೆ ಕಣೇ. ನಮ್ಮ ಬೆಂಕಿಜಡೆ! ಹಾರೋ ಕೆಂಪು ಜಡೆ, ಮುಂದಿಟ್ಟ ಬಲಗಾಲು, ಕೈಲಿ ಈಟಿ. ಮೊದಲನೇದು ಮೇಲಿನವರು ಕೊಟ್ಟ ಮಾದರಿ ಹಾಗೇ ಇತ್ತು. ಹುಬ್ಬು ಮೇಲಕ್ಕೆ, ಬಾಗಿಲಿಗೆ ಯಾರೋ ಬೇಕಾದವರು ಬಂದ ಹಾಗೆ. ತುಟಿ ಮೇಲಕ್ಕೆ ಬಾಗಿದ ಒಂದೇ ಗೆರೆ. ಕಾಲಡಿ ಯಾರದೋ ಹಳದಿ ಚುಕ್ಕೆ. ಎರಡನೇದರ ಹುಬ್ಬು ಮೂಗಿನ ಬುಡಕ್ಕೆ ಇಳಿದಿತ್ತು, ಎಡಗಡೇದು ಇನ್ನೂ ಸ್ವಲ್ಪ ಕೆಳಗೆ. ತುಟಿ ಕೊನೇಲಿ ಕುಂಚ ಕಿತ್ತ ಒಂದು ಸಣ್ಣ ಕೊಂಕು. ಬಾಗಿಲಿಗೆ ಬಂದವರ ಕಾಲು ಮುರಿದೇ ಒಳಗೆ ಬಿಡೋಳ ಹಾಗೆ. ಮೊದಲನೇದು ನಿನ್ನ ನೋಡಿ ನಗುತ್ತೆ. ಎರಡನೇದು ನಿನ್ನ ನೋಡುತ್ತೆ, ಅಷ್ಟೇ. ಕಾಲಡಿ ಹಸಿರು ಚುಕ್ಕೆ. ನಿನ್ನ ಚುಕ್ಕೆ.

“ಇದನ್ನ ‘ಕೋಪದ ಮುಖ’ ಅಂತಾರೆ ಅಜ್ಜಿ. ಎರಡು ವರ್ಷ ಹರಿದ ಚಪ್ಪಲೀಲಿ ಓಡಾಡಿ ತಗೊಂಡೆ. ಇದನ್ನ ಬರೆದ ಕೈ ಯಾರದು ಅಂತ ಈಗ ಗೊತ್ತಾಗಿದೆ” ಅಂದು ಬಣ್ಣದ ಪುಸ್ತಕ ತೆಗೆದ್ಲು. ಅದರಲ್ಲಿ ನೀನು! ಸೋಫಾ ಮೇಲೆ ಬೆಕ್ಕಿನ ಹಾಗೆ ಕೂತಿದೀಯ, ಕೈಲಿ ಬೆಂಕಿಜಡೆ. “ಆ ದಿನ ಯಾಕೋ ನನ್ನ ಕುಂಚಕ್ಕೆ ಕೋಪ ಬಂದಿತ್ತು” ಅಂದಿದೀಯಂತೆ. ಜೂನ್ ತಿಂಗಳ ಪ್ರದರ್ಶನದಲ್ಲಿ ಸಂಗ್ರಹಕಾರರ ಸಂಘದವರು ನಿನ್ನ ವೇದಿಕೆ ಮೇಲೆ ಕೂರಿಸ್ತಾರಂತೆ. ಜನ ತಂದ ಗೊಂಬೆ ಪೆಟ್ಟಿಗೆಗಳ ಮೇಲೆ ನೀನು ರುಜು ಹಾಕೋ ಹಾಗೆ ಹಸಿರು ಚುಕ್ಕೆ ಇಡ್ತೀಯಂತೆ.

ನಿನ್ನ ಕುಂಚಕ್ಕೆ ಕೋಪ? ಆ ದಿನ ನಿನ್ನ ಕುಂಚ ಡಬ್ಬೀಲಿತ್ತು, ನೀನು ಬೆಂಚಿನಲ್ಲೇ ಇರಲಿಲ್ಲ.

ಸೊಸೆಯಾದವಳೇ, ನಿನಗೆ ಗೊತ್ತಿಲ್ಲ, ಕೇಳು. ಯಾರು ಬರೆದದ್ದು ಅಂತ ತಿಳಿಯೋಕೆ ನಾವೆಲ್ಲ ಕಾಲಡಿ ಒಬ್ಬೊಬ್ಬರು ಒಂದೊಂದು ಬಣ್ಣದ ಚುಕ್ಕೆ ಇಡ್ತಿದ್ವಿ. ನನ್ನದು ನೀಲಿ. ಯಾರಿಗಾದ್ರೂ ಬರೋಕಾಗದಿದ್ರೆ ಪಕ್ಕದವಳು ಅವಳ ಪಾಲಿನ ಗೊಂಬೆ ತಟ್ಟೇನೂ ಬರೆದು, ಅವಳ ಚುಕ್ಕೆ ಇಡೋಳು. ಅವಳ ದಿನದ ಕೂಲಿ ಹೋಗಬಾರದು ಅಂತ. ಇದಕ್ಕೆ ನಾವು ‘ಚುಕ್ಕೆ ಹೊರೋದು’ ಅಂತಿದ್ವಿ. ಹೊತ್ತವಳು ಬಾಯಿ ಬಿಡಬಾರದು, ಹೊರಿಸಿದವಳೂ ಬಿಡಬಾರದು. ಬೆಂಚಿನ ಋಣ ಅದು.

ಆ ದಿನ ನಿಮ್ಮತ್ತೆ, “ಮಗನಿಗೆ ಜ್ವರ ಕಣೇ, ನನ್ನ ಚುಕ್ಕೆ ಹೊರು” ಅಂದ್ಲು. ಹೊತ್ತೆ. ಮಧ್ಯಾಹ್ನ ಗೊತ್ತಾಯ್ತು, ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ಬರೆದ ಮುಖ ಸರಿಯಿದೆಯಾ ಅಂತ ನೋಡೋ ತಪಾಸಣೆ ಕೆಲಸದ ಕುರ್ಚಿ ಖಾಲಿಯಿತ್ತು, ನಾವಿಬ್ಬರೂ ಒಟ್ಟಿಗೆ ಹೋಗಿ ಕೇಳೋಣ ಅಂತ ಮಾತಾಗಿತ್ತು. ಇವಳು ಒಬ್ಬಳೇ ಮೇಲಿನ ಆಫೀಸಿಗೆ ಹೋಗಿ ಕೂತಿದ್ಲು. ಆಮೇಲೆ ನನ್ನ ಕೈ ಬರೆದದ್ದು ಆ ಹುಬ್ಬು. ಅದು ಬೆಂಕಿಜಡೆ ಕೋಪ ಅಲ್ಲಮ್ಮ. ನಿಮ್ಮತ್ತೆ ಮೇಲಿನ ನನ್ನ ಕೋಪ.

ಮಾರನೇ ದಿನ ಇವಳಿಗೆ ಕುರ್ಚಿ ಸಿಕ್ತು. ತಪಾಸಣೆಗೆ ಬಂದ ಮೊದಲ ತಟ್ಟೆಯೇ ಇವಳ ಹಸಿರು ಚುಕ್ಕೆಯದು. “ಇದು ನನ್ನ ಕೈ ಅಲ್ಲ, ಅವಳದು” ಅಂತ ನನ್ನ ಕಡೆ ಬೆರಳು ತೋರಿಸಿದ್ಲು. ಮಾದರಿ ಕೆಡಿಸಿದೆ ಅಂತ ಸಂಜೆಗೆ ನನ್ನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ಆ ಗೊಂಬೆಗಳನ್ನ ಹಿಂದಿನ ಗೇಟಲ್ಲಿ ತೂಕಕ್ಕೆ ಹಾಕಿದ್ರು. ಅದಕ್ಕೇ ಈಗ ಅಪರೂಪ.

ಬೈಗುಳಕ್ಕೆ ನನ್ನ ಕೈ, ಚಪ್ಪಾಳೆಗೆ ನಿನ್ನ ಕೈಯಾ? ಸಂಘದವರಿಗೆ ನಿಜ ಹೇಳು. ನೀನಾಗಿ ಹೇಳಿದ್ರೆ ಒಂದು ಮರ್ಯಾದೆ, ನಾನು ಹೇಳಿಸಿದ್ರೆ ಇನ್ನೊಂದು.

ಇಂತಿ,
ಗರಗಸ, ಹಲ್ಲು ಹೋಗಿದೆ, ಹರಿತ ಹೋಗಿಲ್ಲ

ಫೆಬ್ರವರಿ ೨

ನನ್ನ ಮುದ್ದಿನ ಗೆಳತಿಗೆ,

ನಿನ್ನ ಕಾಗದ ನೋಡಿ ಎಷ್ಟು ಸಂತೋಷ ಆಯ್ತು ಅಂತೀಯ. ಇಷ್ಟು ವರ್ಷ ಆದ್ರೂ ನನ್ನ ನೆನಪಿಟ್ಟಿದೀಯಲ್ಲ. ಆಗಿನ ಮಂಡಿನೋವು ಹೇಗಿದೆ? ಬಿಸಿನೀರಿನ ಶಾಖ ಕೊಡು.

ಆ ಹಳೇ ಮಾತು ಈಗ ಯಾಕೆ ಬಿಡು. ಯಾರ ಮನೆ ಹಾಲು ಯಾವ ಬೆಕ್ಕು ಕುಡೀತೋ, ಈಗ ಯಾರಿಗೆ ನೆನಪಿದೆ? ನಾನಾಗಿ ಯಾರ ಹತ್ರಾನೂ ಹೋಗಿ ಹೇಳ್ಕೊಳ್ಳಲಿಲ್ಲ. ಅವರೇ ಹುಡುಕ್ಕೊಂಡು ಬಂದ್ರು, ಹಸಿರು ಚುಕ್ಕೆ ಯಾರದು ಅಂದ್ರು, ನನ್ನದು ಅಂದೆ. ಅದರಲ್ಲಿ ಸುಳ್ಳೇನಿದೆ? ಚುಕ್ಕೆ ಯಾರದ್ದೋ, ಮಾಲು ಅವರದ್ದು. ಅದೇ ಅಲ್ವಾ ಬೆಂಚಿನ ನಿಯಮ? ನನ್ನ ಚುಕ್ಕೆ ಇದ್ದದ್ದೆಲ್ಲ ನನ್ನದೇ. ನಿನ್ನ ಚುಕ್ಕೆ ಇದ್ದದ್ದೆಲ್ಲ ನಿನ್ನದು, ಅದನ್ನ ನಾನು ಯಾವತ್ತಾದ್ರೂ ಕೇಳಿದೀನಾ?

ಈ ವಯಸ್ಸಲ್ಲಿ ಸಿಟ್ಟು ಒಳ್ಳೇದಲ್ಲ. ರಕ್ತದೊತ್ತಡ ಏರುತ್ತೆ. ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು. ಅವಳ ಪೆಟ್ಟಿಗೆ ತಂದ್ರೆ ದುಡ್ಡಿಲ್ಲದೆ ಚುಕ್ಕೆ ಇಟ್ಟುಕೊಡ್ತೀನಿ.

ಇಂತಿ,
ನಿನ್ನ ಹಿತ ಬಯಸೋ ಗೆಳತಿ

(ಅಜ್ಜಿಗೆ ಸೊಸೆಯ ನಮಸ್ಕಾರ. ನಿಮ್ಮ ಕಾಗದದಲ್ಲಿ ಒಂದು ಪದವನ್ನೂ ಬಿಡದೆ ಓದಿದೆ. ಅತ್ತೆ ಹೇಳಿದ್ದನ್ನೂ ಹೇಳಿದ ಹಾಗೇ ಬರೆದಿದೀನಿ. “ಮುದ್ದಿನ” ಅನ್ನೋ ಪದವನ್ನ ಒಂದು ಸಲ ಹೊಡೆದು ಹಾಕಿಸಿ, ಮತ್ತೆ ಬರೆಸಿದ್ರು.)

ಫೆಬ್ರವರಿ ೨೦

ಸೊಸೆಯಾದವಳೇ, ನೀನು ಒಳ್ಳೆ ಮನೆ ಹುಡುಗಿ. ತಪ್ಪು ಮನೆ ಸೇರಿದೀಯ.

ಸಕ್ಕರೆಬಾಯಿ, ನನ್ನ ಮಂಡಿ ವಿಚಾರ ಬಿಡು. ಬೆನ್ನಿಗೆ ಚೂರಿ ಹಾಕಿದವಳು ಮಂಡಿಗೆ ಶಾಖ ಹೇಳ್ತಾಳೆ!

ಸಂಘದವರಿಗೆ ನಾನೇ ಫೋನು ಮಾಡಿಸಿದೆ. ಜೀರುಂಡೆ ಕೈಲಲ್ಲ, ಪಕ್ಕದ ಮನೆಯವರ ಕೈಲಿ. ಜೀರುಂಡೆಗೆ ನಾನು ಇನ್ನೂ ಏನೂ ಹೇಳಿಲ್ಲ. ಅವಳು ನಿನ್ನ ಫೋಟೋ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದಾಳೆ. ಎಲ್ಲ ಮುಗಿದ ಮೇಲೆ ಹೇಳೋಣ ಅಂತ ಹಲ್ಲು ಕಚ್ಚಿಕೊಂಡಿದೀನಿ. ಸಂಘದವನು ಬಹಳ ಮರ್ಯಾದಸ್ಥ. “ಅಮ್ಮಾ, ಹೀಗೆ ಹೇಳೋರು ನೀವು ಮೊದಲನೆಯವರಲ್ಲ. ಹಸಿರು ಚುಕ್ಕೆ ಅವರದು ಅಂತ ದಾಖಲೆ ಇದೆ. ನಿಮ್ಮ ಹತ್ರ ಏನಿದೆ?” ಅಂದ. ನನ್ನ ಹತ್ರ ಏನಿದೆ? ಕೈಯಿದೆ.

ನಿನ್ನ ಚುಕ್ಕೆ ಇದ್ದದ್ದೆಲ್ಲ ನಿನ್ನದೇ ಅಂದ್ಯಲ್ಲ? ಸೊಸೆ ಕೈಲಿ ಬರೆಸಿದೀಯ, ಕಾಗದ ನನ್ನ ಹತ್ರ ಇದೆ. ಸರಿ ಕಣೇ. ಒಪ್ಪಿದೆ. ಆ ಮಾತಿಗೆ ನೀನು ಕೊನೇತನಕ ನಿಲ್ಲಬೇಕು.

ಇನ್ನು ಸ್ವಲ್ಪ ದಿನ ಕಾಗದ ಬರೆಯೋಕೆ ಪುರುಸೊತ್ತಿರಲ್ಲ. ಕೆಲಸ ಇದೆ.

ಇಂತಿ,
ಗರಗಸ

ಏಪ್ರಿಲ್ ೧೪

ಸಕ್ಕರೆಬಾಯಿಗೆ,

ಕ್ಷೇಮ. ನೀನು ಕ್ಷೇಮ ಇರಲಾರೆ ಅಂತ ನಂಬಿದೀನಿ.

ಸಂತೆ ಬೀದಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೋಪದ ಮುಖ ಸಿಗ್ತಿದೆಯಂತಲ್ಲ! ಒಡೆದ ರೇಡಿಯೋ ಪಕ್ಕ, ಕಾಲಿಲ್ಲದ ಕರಡಿ ಕೆಳಗೆ. ಮೊದಲು ಒಂದು ಸಿಕ್ಕಾಗ ಜೀರುಂಡೆ ಸ್ನೇಹಿತರೆಲ್ಲ ಕುಣಿದಾಡಿದ್ರು. ಮೂರನೇದಕ್ಕೆ ಮುಖ ಮುಖ ನೋಡ್ಕೊಂಡ್ರು. ಈಗ ಸಿಕ್ಕಿತು ಅಂದ್ರೆ ಉಗೀತಾರೆ.

ಎಲ್ಲಿಂದ ಬಂತು ಅಂತೀಯಾ? ಹೇಳ್ತೀನಿ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಅಂಗಡಿಯವನ ರಾಶಿಯಿಂದ ನಗುಮುಖದ ಬೆಂಕಿಜಡೆ ಆರಿಸಿ ತರ್ತೀನಿ. “ಅಜ್ಜಿ, ಮೊಮ್ಮಕ್ಕಳಿಗಾ?” ಅಂದ. “ಇಲ್ಲಪ್ಪ, ನನಗೇ. ಆಡೋ ವಯಸ್ಸು ನನಗೀಗ ಬಂದಿದೆ” ಅಂದೆ. ಜೀರುಂಡೆ ಅಂಗಡಿಗೆ ಹೋದ ಮೇಲೆ ಅಡುಗೆಮನೆ ಕಿಟಕಿ ಪಕ್ಕ ಕೂರ್ತೀನಿ. ಬಟ್ಟೆಗೆ ಬಣ್ಣ ಅಳಿಸೋ ತಿನ್ನರ್ ಹಚ್ಚಿ ಹುಬ್ಬು ಒರೆಸ್ತೀನಿ, ತುಟಿ ಒರೆಸ್ತೀನಿ, ಕಾಲಡಿ ಚುಕ್ಕೇನೂ ಒರೆಸ್ತೀನಿ. ಆಮೇಲೆ ಬರೀತೀನಿ. ಕೊನೆಗೆ ನಿನ್ನ ಹಸಿರು ಚುಕ್ಕೆ. ನಾಲ್ಕು ದಿನ ಮಾಡಿನ ಮೇಲೆ ಬಿಸಿಲು, ಧೂಳು. ಆಮೇಲೆ ಚೀಲದಲ್ಲಿ ಹಾಕ್ಕೊಂಡು ಹೋಗಿ ಅದೇ ರಾಶಿಗೆ ಸದ್ದಿಲ್ಲದೆ ಸೇರಿಸಿ ಬರ್ತೀನಿ. ಮಾರಲ್ಲ. ಮಾರೋಕೆ ನಾನೇನು ನೀನಾ?

ಮೊದಲ ದಿನ ಕೈ ನಡುಗ್ತಿತ್ತು ಕಣೇ. ಚಮಚ ಹಿಡಿದ್ರೂ ನಡುಗೋ ಕೈ. ಕುಂಚ ಹುಬ್ಬಿನ ಹತ್ರ ತಂದೆ, ಅಲ್ಲಾಡ್ತು. ಆಗ ನೀನು ಬೆರಳು ತೋರಿಸಿದ್ದು ನೆನೆಸ್ಕೊಂಡೆ. ಕೈ ಕಲ್ಲಾಯ್ತು. ಒಂದೇ ಎಳೆತ, ಹುಬ್ಬು ಇಳೀತು. ಈಗ ದಿನಾ ಹಾಗೇ. ನಿನ್ನ ನೆನಪು ನನಗೆ ಔಷಧಿ.

ನಕಲಿ ಅಂತೀಯಾ? ಹೇಗೆ ನಕಲಿ? ಅವತ್ತೂ ಇದೇ ಕೈ, ಇದೇ ಸಿಟ್ಟು, ನಿನ್ನದೇ ಚುಕ್ಕೆ. ನಿನ್ನ ಚುಕ್ಕೆ ಇದ್ದದ್ದೆಲ್ಲ ನಿನ್ನದು. ಹಾಗಾದ್ರೆ ಹೋಗಿ ಹೇಳು, “ಇದೆಲ್ಲ ನಾನೇ ಬರೆದದ್ದು” ಅಂತ. ನಾಳೆ ಇನ್ನಷ್ಟು ಬರ್ತಾವೆ, ಅದನ್ನೂ ನೀನೇ ಬರೆದಿರ್ತೀಯ.

ಇಂತಿ,
ನಿನ್ನ ಚುಕ್ಕೆ ಹೊರೋಳು

ಮೇ ೯

ಗರಗಸಕ್ಕೆ,

ಶಾಖ, ಆಶೀರ್ವಾದ ಏನೂ ಇಲ್ಲ ಈ ಸಲ.

ಸಂಘದವರು ಒಂದು ಪೆಟ್ಟಿಗೆ ತುಂಬ ತಂದು ನನ್ನ ಮುಂದೆ ಸುರಿದ್ರು. “ಇದರಲ್ಲಿ ನಿಮ್ಮದು ಯಾವುದು, ಬೇರೆಯವರದು ಯಾವುದು ಆರಿಸಿಕೊಡಿ” ಅಂದ್ರು. ನನಗೆ ಎದುರಿಗಿರೋ ಮನುಷ್ಯನ ಮೂಗೇ ಕಾಣಲ್ಲ, ಹುಬ್ಬು ಎಲ್ಲಿ ಕಾಣಬೇಕು? ಎಲ್ಲ ನನ್ನದೇ ಅಂದೆ. “ಅದು ಹೇಗಾಗುತ್ತೆ ಅಮ್ಮ, ಕೋಪದ ಮುಖ ಹೊರಗೆ ಬಂದದ್ದೇ ಒಂದು ತಟ್ಟೆ” ಅಂದ್ರು. ಹಾಗಾದ್ರೆ ಯಾವುದೂ ಅಲ್ಲ ಅಂದೆ. ಒಬ್ಬ ನಕ್ಕ. ಸೋಫಾದಲ್ಲಿ ಕೂರಿಸಿ ಫೋಟೋ ತೆಗೆದವನೇ ನಕ್ಕ. ಜೂನ್ ಪ್ರದರ್ಶನ ಮುಂದಕ್ಕೆ ಹಾಕಿದ್ರು. ನನ್ನ ಕರೀತಾರೋ ಇಲ್ಲವೋ ಗೊತ್ತಿಲ್ಲ.

ನಿನಗೆ ತೃಪ್ತಿ ಆಯ್ತಲ್ಲ? ಉಂಡೂ ಹೋದೆ, ಕೊಂಡೂ ಹೋದೆ. ಆವತ್ತು ನನ್ನ ಪಕ್ಕದಲ್ಲಿ ಮೇಲಿನವನು ನಿಂತಿದ್ದ. ಮೊದಲ ದಿನ, ಮೊದಲ ತಟ್ಟೆ. ನನ್ನದು ಅಂದಿದ್ರೆ ಕುರ್ಚಿ ಹೋಗ್ತಿತ್ತು. ನಿನ್ನದು ಅಂದೆ. ನೀನು ನನ್ನ ಜಾಗದಲ್ಲಿದ್ದಿದ್ರೆ ಏನಂತಿದ್ದೆ ಅಂತ ನಾನು ಕೇಳಲ್ಲ. ನೀನು ಗರಗಸ, ಇನ್ನೂ ಬೇಗ ಅಂದಿರ್ತಿದ್ದೆ.

ಇನ್ನೊಂದು ವಿಷಯ. ನಿನ್ನ ಜೀರುಂಡೆ ಬಂದಿದ್ಲು. ಒಳ್ಳೇ ಹುಡುಗಿ, ಕೈ ಮೃದು. ತನ್ನ ಬೆಂಕಿಜಡೆನ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ಲು. “ಅಜ್ಜಿ, ನನ್ನದು ನಿಜವಾದದ್ದಾ? ಅಷ್ಟು ಹೇಳಿ” ಅಂದ್ಲು. ನಾನು ಹೌದು ಅನ್ನಬಹುದಿತ್ತು. ಅನ್ನಲಿಲ್ಲ. “ಅದನ್ನ ಬರೆದದ್ದು ನಾನಲ್ಲ ಮಗು. ಆವತ್ತು ನಾನು ಬೆಂಚಿನಲ್ಲೇ ಇರಲಿಲ್ಲ. ನಿನ್ನ ಅಜ್ಜಿ ಬರೆದದ್ದು. ಈಗ ಸಂತೇಲಿರೋದೂ ಅವಳೇ ಬರೆದದ್ದು. ಅಡುಗೆಮನೆ ಕಿಟಕಿ ಹತ್ರ ತಿನ್ನರ್ ವಾಸನೆ ಬರುತ್ತಾ ನೋಡು” ಅಂದೆ.

ನಿಜ ಹೇಳು ನಿಜ ಹೇಳು ಅಂತಿದ್ಯಲ್ಲ. ಹೇಳಿದೆ.

ಇಂತಿ,
ಸಕ್ಕರೆಬಾಯಿ

(ಅಜ್ಜಿ, ಇದನ್ನ ಬರೆಯಲ್ಲ ಅಂದೆ. ಬರೀಲೇಬೇಕು ಅಂದ್ರು. ಆ ಹುಡುಗಿ ನೀರನ್ನೂ ಕುಡಿಯದೆ ಎದ್ದು ಹೋದ್ಲು. ಬಸ್ ಸ್ಟಾಪಿನ ತನಕ ನಾನು ಜೊತೇಲಿ ಹೋದೆ.)

ಜುಲೈ ೬

ಸೊಸೆಯಾದವಳೇ, ಬಸ್ ಸ್ಟಾಪಿನ ತನಕ ಹೋದ್ಯಲ್ಲ, ಅದನ್ನ ಮರೆಯಲ್ಲ. ಈಗ ನಿಮ್ಮತ್ತೆನ ಎದುರಿಗೆ ಕೂರಿಸ್ಕೊ. ಕಣ್ಣೀರು ಹಾಕಿದ್ರೆ ಒರೆಸಬೇಡ, ಓದ್ತಾ ಹೋಗು.

ಸಕ್ಕರೆಬಾಯಿ, ನೀನು ಹೊಡೆದೆ ಕಣೇ. ಎಲ್ಲಿ ಹೊಡೀಬೇಕೋ ಅಲ್ಲೇ ಹೊಡೆದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನಿಜ ನುಡಿದೆ, ಅದನ್ನೂ ವಿಷ ಹಾಕೋ ಹಾಗೆ ಹಾಕಿದೆ.

ಆವತ್ತು ಜೀರುಂಡೆ ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ, ಕಿಟಕಿ ಮೇಲಿನ ಹಿಟ್ಟಿನ ಡಬ್ಬ ತೆಗೆದು, ಹಿಂದೆ ಇದ್ದ ಕುಂಚ, ಬಟ್ಟೆ, ಹಸಿರು ಬಣ್ಣ ಎಲ್ಲ ಮೇಜಿನ ಮೇಲಿಟ್ಲು. ಮಾಡಿನ ಮೇಲೆ ಒಣಗ್ತಿದ್ದ ಒಂದನ್ನೂ ತಂದ್ಲು. ತನ್ನದನ್ನ ಅದರ ಪಕ್ಕ ನಿಲ್ಲಿಸಿದ್ಲು. ಒಂದು ಸಲ ನನಗೆ ಬೆನ್ನು ಹಾಕಿ ಎರಡನ್ನೂ ಅದಲು ಬದಲು ಮಾಡಿದ್ಲು.

“ಈಗ ಹೇಳು. ನನ್ನದು ಯಾವುದು?”

ನೋಡಿದೆ. ಹುಬ್ಬು ನೋಡಿದೆ, ತುಟಿಯ ಕೊಂಕು ನೋಡಿದೆ, ತಿರುಗಿಸಿ ಚುಕ್ಕೆ ನೋಡಿದೆ. ಎಡಗಡೇದು ಅಂತ ಕೈ ಮುಂದೆ ಹೋಯ್ತು, ಅರ್ಧಕ್ಕೇ ನಿಂತಿತು. ಬಲಗಡೇದಿರಬಹುದು. ಎರಡೂ ಒಂದೇ ಥರ ನನ್ನನ್ನ ನೋಡ್ತಿದ್ವು.

“ಗೊತ್ತಿಲ್ಲ” ಅಂದೆ. ನನ್ನ ಬಾಯಲ್ಲಿ ಆ ಪದ ಬಂದದ್ದು ಕೇಳಿ ಅವಳಿಗೇ ಗಾಬರಿ ಆಯ್ತು.

“ಎರಡೂ ನಾನೇ ಬರೆದದ್ದು ಕಣೇ” ಅಂದೆ. “ಅದಕ್ಕೇ ಗೊತ್ತಾಗ್ತಿಲ್ಲ. ನಿನ್ನದೂ ನಿಜವೇ, ಇದೂ ನಿಜವೇ.”

“ನೀನು ಹೇಳಿದ್ರೆ ಯಾರು ನಂಬ್ತಾರೆ ಅಜ್ಜಿ? ಚುಕ್ಕೆ ಅವರದು. ಅವರ ಮೇಲೆ ನಿನಗೆ ಎಷ್ಟು ಸಿಟ್ಟಿದ್ರೂ ಇರಲಿ, ನನಗೊಂದು ಮಾತು ಹೇಳಿದ್ರೆ ನಿನ್ನ ಜೊತೆ ನಿಲ್ತಿದ್ದೆ. ನನ್ನ ಹತ್ರ ಇದ್ದದ್ದು ಒಂದೇ ಒಂದು ಒಳ್ಳೇ ವಸ್ತು.”

ಕೂಗಾಡಲಿಲ್ಲ ಕಣೇ. ಕೂಗಾಡಿದ್ರೆ ನಾನೂ ಕೂಗಾಡಬಹುದಿತ್ತು. ಎರಡನ್ನೂ ಮೇಜಿನ ಮೇಲೇ ಬಿಟ್ಟು, ಬಟ್ಟೆ ತುಂಬ್ಕೊಂಡು ಹೋದ್ಲು. ಅವಳ ಅಂಗಡಿ ಮೇಲೆ ಒಂದು ಕೋಣೆ ಇದೆ, ಅಲ್ಲಿದಾಳೆ. ನಾನು ಕನ್ನಡಕ ಸರಿಮಾಡಿಸೋ ನೆಪ ತಗೊಂಡು ಹೋದೆ. ಕನ್ನಡಕ ತಗೊಂಡ್ಲು, ಅದರ ಕಾಲು ಬಿಗಿ ಮಾಡಿದ್ಲು, ಒರೆಸಿ ಕೊಟ್ಲು. “ಇನ್ನೇನಾದ್ರೂ ಬೇಕಾ?” ಅಂದ್ಲು, ಬೇರೆ ಗಿರಾಕಿಗೆ ಅನ್ನೋ ಹಾಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ. ನಾವಿಬ್ಬರು ಗಂಡ ಹೆಂಡಿರೂ ಅಲ್ಲ, ಆದ್ರೂ ಕೂಸು ಬಡವಾಯ್ತು.

ಇದನ್ನೆಲ್ಲ ಕೇಳಿ ಗರಗಸ ಮೊಂಡಾಯ್ತು ಅಂದ್ಕೋಬೇಡ. ನಿನ್ನ ಮೇಲಿನ ಸಿಟ್ಟು ಕೂದಲಷ್ಟೂ ಕಡಿಮೆಯಾಗಿಲ್ಲ. ಅವಳು ಹೋದ ಮೇಲೆ ಒಂದು ಗೊಂಬೆ ಮುಟ್ಟಿಲ್ಲ ನಾನು. ಕೈ ಖಾಲಿ ಇದೆ, ಅಷ್ಟೂ ಹೊತ್ತು ನಿನ್ನನ್ನೇ ಬೈತೀನಿ. ಬೈತಾ ಬೈತಾ ಒಂದು ವಿಷಯ ತಲೆಗೆ ಹೋಯ್ತು. ಯೋಚಿಸಿದಷ್ಟೂ ಹೊಟ್ಟೆ ಉರೀತಿದೆ, ಆದ್ರೂ ಬರೀತೀನಿ.

ಕೋಪದ ಮುಖ ನಿನ್ನ ಕೈದು ಅಂತ ಇರೋ ತನಕ, ಸಂತೇಲಿ ಇರೋದೆಲ್ಲ ಯಾರೋ ಕಳ್ಳ ಬರೆದದ್ದು. ಯಾವುದು ಕಳ್ಳಂದು, ಯಾವುದಲ್ಲ ಅಂತ ಹೇಳೋರಿಲ್ಲ. ಜೀರುಂಡೆದೂ ಆ ಸಾಲಿಗೇ ಸೇರ್ತು. ಅದೇ, ಅವತ್ತು ಬರೆದವಳು ಗರಗಸ ಅಂತ ನಿನ್ನ ಬಾಯಿಂದ ಬಂದ್ರೆ? ಆಗ ಕಳ್ಳನೇ ಇಲ್ಲ. ಹಳೇದೂ ಅದೇ ಕೈ, ಹೊಸದೂ ಅದೇ ಕೈ. ಜನ ಬೇಕಾದ್ರೆ ಬೆಲೆ ಕಟ್ಟಲಿ, ಬೇಡದಿದ್ರೆ ಬಿಡಲಿ. ಆ ಹುಡುಗಿ ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡದ್ದು ಸುಳ್ಳಾಗಲ್ಲ.

ನಾನು ಹೇಳಿದ್ರೆ ನಂಬಲ್ಲ. ಜೀರುಂಡೆ ಹೇಳಿದ್ರೂ ನಂಬಲ್ಲ. ಬೆರಳು ತೋರಿಸಿದವಳು ನೀನೊಬ್ಬಳೇ, ಈಗಲೂ ನೀನೇ ತೋರಿಸಬೇಕು. ನಿನ್ನಂಥವಳ ಬಾಯಿ ನನಗೆ ಬೇಕಾಯ್ತಲ್ಲ, ಅದಕ್ಕೂ ಒಂದು ಸಿಟ್ಟು ಇಟ್ಟಿದೀನಿ ನಿನ್ನ ಮೇಲೆ.

ಕ್ಷಮೆ ಕೇಳಬೇಡ, ಬೇಡ ನನಗೆ. ಸಿಹಿ ಮಾತೂ ಬೇಡ. ಸಂಘದವರಿಗೆ ನಿನ್ನ ಮಾತಲ್ಲೇ ಒಂದು ಕಾಗದ: ಆ ದಿನ ಬೆಂಚಿನಲ್ಲಿ ನಾನಿರಲಿಲ್ಲ, ಕುರ್ಚಿ ಕೇಳೋಕೆ ಹೋಗಿದ್ದೆ, ನನ್ನ ಚುಕ್ಕೆ ಹೊತ್ತವಳು ಅವಳು, ಅವಳನ್ನ ಹೊರಗೆ ಹಾಕಿಸಿದವಳು ನಾನು. ಇಷ್ಟೇ. ಅದರ ಕೆಳಗೆ ಸಂತೇಲಿರೋದನ್ನ ಬರೆದು ಹಾಕಿದ್ದು ನಾನು ಅಂತ ನಾನು ಬರೀತೀನಿ, ನನ್ನ ಕೋಳಿ ಅಕ್ಷರದಲ್ಲೇ. ನಕ್ಕವನು ಇಬ್ಬರನ್ನೂ ನೋಡಿ ನಗಲಿ. ನಿನ್ನ ಸೋಫಾ ಫೋಟೋ ಹೋಗುತ್ತೆ, ನನ್ನ ಸೇಡೂ ಹೋಗುತ್ತೆ. ನನಗೆ ಫೋಟೋ ಬೇಡ. ಕನ್ನಡಕದ ಅಂಗಡಿಯಿಂದ ಸಂಜೆ ಒಬ್ಬಳು ಮನೆಗೆ ಬಂದ್ರೆ ಸಾಕು.

ಸೊಸೆಯಾದವಳೇ, ಇನ್ನೇನು ನೋಡ್ತಿದೀಯ? ಪೆನ್ನು ತಗೋ. ಅವಳು ಬಾಯಿಗೆ ಸಕ್ಕರೆ ಹಾಕ್ಕೊಳ್ಳೋ ಮೊದಲೇ ಬರೆಸು. ಕೆಳಗೆ ಅವಳ ಕೈಯಾರೆ ರುಜು ಹಾಕಿಸು, ಕಣ್ಣು ಕಾಣಲ್ಲ ಅಂದ್ರೆ ಕೈ ಹಿಡಿದು ಹಾಕಿಸು. ಹಾಕಿಸಿ ನನಗೆ ಕಳಿಸು. ಮುಂದಿನ ತಿಂಗಳು ಹುಟ್ಟೋದರೊಳಗೆ ಆ ಕಾಗದ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ಕುಂಚ ಒಣಗಿಲ್ಲ, ನಾನೂ ಸತ್ತಿಲ್ಲ.

ಇಂತಿ,
ಜೀರುಂಡೆಯ ಅಜ್ಜಿ